ಡಚ್ ಭಾಷೆಯ ಕಲಿಕೆಯೂ ಕನ್ನಡ ವ್ಯಾಕರಣವೂ

ಉದ್ಯೋಗವನ್ನರಸಿ ನೆದರ್ಲೆಂಡ್ಸ್ ದೇಶಕ್ಕೆ ಹೋಗಿ, ಐಂಡ್‌ಹೋವನ್, ಆಮ್‌ಸ್ಟಲ್‌ವೇನ್, ಹೇಗ್ ಮೊದಲಾದ ಪಟ್ಟಣಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರು ಆ ನಾಡಿನ ಭಾಷೆಯನ್ನು ಕಲಿಯಲು ಕುಳಿತಾಗ ಅವರ ಕೈಗೆ ಬರುವ ಪಾಠಪುಸ್ತಕ ಬಹುಮಟ್ಟಿಗೆ ಇಂಗ್ಲಿಷಿನ ವಿವರಣೆಯುಳ್ಳದ್ದಾಗಿರುತ್ತದೆ. ಪಾಠ ಹೇಳುವವರು ಡಚ್ಚರೇ ಆದರೂ ಸಂದೇಹ ಬಂದೆಡೆಯಲ್ಲಿ ಇಂಗ್ಲಿಷಿಗೆ ಹೊರಳುತ್ತಾರೆ. ಕಲಿಯುವವರು ಟಿಪ್ಪಣಿಯ ಅಂಚಿನಲ್ಲಿ ಗುರುತು ಹಾಕಿಕೊಳ್ಳುವ ಅರ್ಥವೂ ಇಂಗ್ಲಿಷಿನದೇ. ಈ ಕ್ರಮ ಎಷ್ಟು ರೂಢಮೂಲವಾಗಿದೆಯೆಂದರೆ, ಬೇರೊಂದು ಮಾರ್ಗ ಇದ್ದೀತೆಂಬ ಯೋಚನೆಗೇ ಎಡೆಯಿಲ್ಲದಂತಾಗಿದೆ. ಆ ಬೇರೆ ಮಾರ್ಗ ಉಂಟು. ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತು ನಾವು ಕಲಿತ ಸಂಧಿ, ವಿಭಕ್ತಿ, ಲಿಂಗ, ದ್ವಿತ್ವ ಮುಂತಾದ ಪರಿಭಾಷೆಗಳು, ಪರೀಕ್ಷೆ ಮುಗಿದೊಡನೆ ನಿರುಪಯುಕ್ತವೆಂದು ಮೂಲೆಗೆ ಸರಿಸಲ್ಪಟ್ಟ ಆ ಪರಿಭಾಷೆಗಳೇ, ಡಚ್ಚಿನ ಆರಂಭದ ಪಾಠಗಳಲ್ಲಿ ಅತ್ಯಂತ ತೊಡಕಿನವೆಂದು ಹೆಸರಾದ ಮೂರು ವಿಷಯಗಳನ್ನು, ಅಂದರೆ ಗುಣವಾಚಕಗಳ ಪ್ರತ್ಯಯ, ಕಾಗುಣಿತ ಮತ್ತು ಪೂರ್ವಸರ್ಗಗಳ ಪ್ರಯೋಗವನ್ನು, ಇಂಗ್ಲಿಷಿಗಿಂತ ಎಷ್ಟೋ ಮೇಲಾಗಿ ಬಿಡಿಸಿ ತೋರಬಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡಿಗರಿಗಾಗಿ ಕನ್ನಡದಲ್ಲಿಯೇ, ಕನ್ನಡ ವ್ಯಾಕರಣದ ತಳಹದಿಯ ಮೇಲೆಯೇ ಒಂದು ಡಚ್ ಬೋಧಿನಿ ರಚಿತವಾಗಬೇಕೆಂದು ಕೇಳುವುದಕ್ಕಾಗಿ ಈ ಲೇಖನ.

ಇದಕ್ಕೆ ಒಡನೆಯೇ ಬರತಕ್ಕ ಆಕ್ಷೇಪ ಇಂತಹುದು: ಇಂಗ್ಲಿಷೂ ಡಚ್ಚೂ ಒಂದೇ ಜರ್ಮ್ಯಾನಿಕ್ ಕುಲದಲ್ಲಿ ಹುಟ್ಟಿದ ಸೋದರಭಾಷೆಗಳಲ್ಲವೆ? ನೀರಿಗೆ ‘ವಾಟರ್’, ಪುಸ್ತಕಕ್ಕೆ ‘ಬೂಕ್’, ಸೇಬಿಗೆ ‘ಅಪ್ಪಲ್’ ಎನ್ನುವ ಭಾಷೆಗೆ ಇಂಗ್ಲಿಷಿಗಿಂತ ಹತ್ತಿರದ ದಾರಿ ಇನ್ನಾವುದು? ಶಬ್ದಸಂಪತ್ತಿನ ಮಟ್ಟಿಗೆ ಈ ಮಾತನ್ನು ನಾನು ಮರುಮಾತಿಲ್ಲದೆ ಒಪ್ಪುತ್ತೇನೆ. ಆದರೆ ಶಬ್ದಗಳನ್ನು ಕಲಿಯುವುದು ಬೇರೆ, ಅವುಗಳ ನಡೆಯನ್ನು ಕಲಿಯುವುದು ಬೇರೆ. ನಾಮಪದಗಳ ವ್ಯಾಕರಣಲಿಂಗವನ್ನೂ ಗುಣವಾಚಕಗಳ ಪ್ರತ್ಯಯವನ್ನೂ ಇಂಗ್ಲಿಷು ಶತಮಾನಗಳ ಹಿಂದೆಯೇ ಕಳೆದುಕೊಂಡಿತು. ಬರೆಹಕ್ಕೂ ಉಚ್ಚಾರಣೆಗೂ ಇರಬೇಕಾದ ನಂಟನ್ನಂತೂ ಅದು ಬಹಳ ಸಡಿಲ ಬಿಟ್ಟಿದೆ. ತನ್ನಲ್ಲಿಲ್ಲದ ವಸ್ತುವನ್ನು ಅದು ನಮಗೆ ತೋರಿಸಿಕೊಡುವುದು ಹೇಗೆ?

ಆ ದೇಶದಲ್ಲಿ ಇಂಗ್ಲಿಷ್ ಬಲ್ಲವರೇ ಬಹುಜನರಿರುವಾಗ ಡಚ್ ಕಲಿಯುವ ಶ್ರಮವೇಕೆ ಎಂದು ಕೇಳುವವರೂ ಉಂಟು. ಐದು ವರ್ಷ ನೆಲೆಸಿದ ಬಳಿಕ ಪೌರತ್ವವನ್ನೋ ಶಾಶ್ವತ ವಾಸದ ಅನುಮತಿಯನ್ನೋ ಬೇಡುವವರು ಸಾಮಾನ್ಯವಾಗಿ ಭಾಷಾಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬುದು ಒಂದು ಉತ್ತರ. ನಗರಸಭೆಯಿಂದ ಬರುವ ಕಾಗದ, ಮಕ್ಕಳ ಶಾಲೆಯಿಂದ ಬರುವ ಸೂಚನೆ, ನೆರೆಮನೆಯ ವೃದ್ಧೆ ಬಾಗಿಲಲ್ಲಿ ನಿಂತು ಆಡುವ ಎರಡು ಮಾತು, ಇವೆಲ್ಲ ಡಚ್ಚಿನಲ್ಲಿಯೇ ಇರುತ್ತವೆಂಬುದು ಅದಕ್ಕಿಂತ ಗಟ್ಟಿಯಾದ ಉತ್ತರ. ಅನ್ನ ಕೊಟ್ಟ ನೆಲದ ಮಾತನ್ನು ಕಲಿಯಬೇಕೆಂದು ಬೆಂಗಳೂರಿನಲ್ಲಿ ಹೊರಗಿನಿಂದ ಬಂದವರಿಗೆ ನಾವು ಹೇಳುವುದು ನ್ಯಾಯವಾದರೆ, ಅದೇ ನ್ಯಾಯ ಐಂಡ್‌ಹೋವನ್ನಿನಲ್ಲಿ ನಮಗೂ ಸಲ್ಲುತ್ತದೆ.

ಇನ್ನು ವಿಷಯಕ್ಕೆ ಬರೋಣ. ಆ ಊರುಗಳ ಯಾವುದೇ ಅಂಗಡಿಯನ್ನು ಹೊಕ್ಕು ಫಲಕಗಳನ್ನು ಓದುತ್ತ ಹೋದರೆ ಒಂದು ವಿಚಿತ್ರ ಕಣ್ಣಿಗೆ ಬೀಳುವುದು. ತಾಜಾ ಬ್ರೆಡ್ಡು ‘ವೆರ್ಸ್ ಬ್ರೋಟ್’. ತಾಜಾ ಹಾಲು ‘ವೆರ್ಸ ಮೆಲ್ಕ್’. ಬಿಸಿನೀರು ‘ವರ್ಮ್ ವಾಟರ್’. ಬಿಸಿಹಾಲು ‘ವರ್ಮ ಮೆಲ್ಕ್’. ತಣ್ಣನೆಯ ಬಿಯರು ‘ಕೌಟ್ ಬೀರ್’. ಕೆಂಪು ದ್ರಾಕ್ಷಾರಸ ‘ರೋಡ ವೈನ್’, ಹಸಿರು ಚಹಾ ‘ಖ್ರೂನ ಟೇ’. ಒಂದೇ ಗುಣವಾಚಕ ಒಂದೆಡೆ ವ್ಯಂಜನಾಂತವಾಗಿ ನಿಲ್ಲುತ್ತದೆ, ಇನ್ನೊಂದೆಡೆ ಕೊನೆಯಲ್ಲಿ ‘ಅ’ಕಾರದಂತಹ ಒಂದು ದುರ್ಬಲ ಸ್ವರವನ್ನು ಪಡೆದು ಸ್ವರಾಂತವಾಗುತ್ತದೆ. ರೋಮನ್ ಲಿಪಿಯಲ್ಲಿ ಈ ಭೇದ ಕೊನೆಯ ಒಂದು ಅಕ್ಷರದ ಸೇರ್ಪಡೆಯಾಗಿ ತೋರಿದರೆ, ನಮ್ಮ ಲಿಪಿಯಲ್ಲಿ ಬರೆದಾಗ ಅರ್ಧಾಕ್ಷರ ಪೂರ್ಣಾಕ್ಷರವಾಗುವುದಾಗಿ ಕಾಣುತ್ತದೆ. ವೆರ್ಸ್ ಎಂಬುದು ವೆರ್ಸ ಆಗುವಲ್ಲಿ ಏನಾಯಿತೆಂದು ಕನ್ನಡ ಓದುಬಲ್ಲ ಮಗುವೂ ಹೇಳೀತು.

ಯಾವಾಗ ಪೂರ್ಣ, ಯಾವಾಗ ಅರ್ಧ? ಡಚ್ ನಾಮಪದಗಳಲ್ಲಿ ಎರಡು ವರ್ಗ. ಪ್ರಾಚೀನ ಕಾಲದ ಪುಲ್ಲಿಂಗ ಸ್ತ್ರೀಲಿಂಗಗಳು ಬೆರೆತು ‘ಡ’ ಎಂಬ ನಿರ್ದೇಶಕವನ್ನು ತೆಗೆದುಕೊಳ್ಳುವ ಸಾಧಾರಣ ಲಿಂಗ ಒಂದು. ‘ಹೆಟ್’ ಎಂಬ ನಿರ್ದೇಶಕವನ್ನು ತೆಗೆದುಕೊಳ್ಳುವ ನಪುಂಸಕಲಿಂಗ ಇನ್ನೊಂದು. ನಾಮಪದದ ಮುಂದೆ ನಿಂತ ಗುಣವಾಚಕ ಸಾಮಾನ್ಯವಾಗಿ ಸ್ವರಾಂತವೇ ಆಗುವುದು. ನಾಮಪದ ನಪುಂಸಕವಾಗಿದ್ದು, ಏಕವಚನದಲ್ಲಿದ್ದು, ಅನಿರ್ದಿಷ್ಟವೂ ಆಗಿದ್ದಾಗ ಮಾತ್ರ ವ್ಯಂಜನಾಂತವಾಗಿ ಉಳಿಯುವುದು. ಆದುದರಿಂದ ಒಂದು ದೊಡ್ಡ ನಗರ ‘ಅನ್ ಖ್ರೋಟ ಸ್ಟಟ್’, ಆ ದೊಡ್ಡ ನಗರವೂ ‘ಡ ಖ್ರೋಟ ಸ್ಟಟ್’. ಆದರೆ ಒಂದು ದೊಡ್ಡ ಮನೆ ‘ಅನ್ ಖ್ರೋಟ್ ಹಾಯ್ಸ್’, ಆ ದೊಡ್ಡ ಮನೆ ‘ಹೆಟ್ ಖ್ರೋಟ ಹಾಯ್ಸ್’, ದೊಡ್ಡ ಮನೆಗಳು ‘ಖ್ರೋಟ ಹಾಯ್ಜನ್’. ಮೂರು ನಿಬಂಧನೆಗಳೂ ಒಟ್ಟಿಗೆ ಕೂಡಿಬಂದಾಗಲೇ ಪ್ರತ್ಯಯ ಲೋಪವಾಗುತ್ತದೆ. ವಾಕ್ಯದ ಕೊನೆಯಲ್ಲಿ ವಿಧೇಯವಾಗಿ ನಿಂತ ಗುಣವಾಚಕಕ್ಕಾದರೋ ಪ್ರತ್ಯಯದ ಮಾತೇ ಇಲ್ಲ: ನಗರ ದೊಡ್ಡದು, ಮನೆ ದೊಡ್ಡದು, ಮನೆಗಳು ದೊಡ್ಡವು, ಮೂರಕ್ಕೂ ‘ಖ್ರೋಟ್’ ಒಂದೇ.

ಮೇಲಿನ ವಾಕ್ಯವನ್ನು ಬರೆಯುವಾಗ ಕನ್ನಡ ತಾನಾಗಿ ಏನು ಮಾಡಿತೆಂಬುದನ್ನು ಓದುಗರು ಗಮನಿಸಬೇಕು. ನಾವು ‘ದೊಡ್ಡ ನಗರ, ದೊಡ್ಡ ಮನೆ, ದೊಡ್ಡ ಮನೆಗಳು, ದೊಡ್ಡ ಹುಡುಗಿ’ ಎಂದು ವಿಶೇಷ್ಯದ ಮುಂದೆ ಗುಣವಾಚಕವನ್ನು ಅವಿಕಾರಿಯಾಗಿ ಇಡುತ್ತೇವೆ; ವಿಧೇಯಸ್ಥಾನಕ್ಕೆ ಬಂದೊಡನೆ ‘ದೊಡ್ಡದು, ದೊಡ್ಡವು, ದೊಡ್ಡವಳು, ದೊಡ್ಡವರು’ ಎಂದು ಲಿಂಗವಚನಗಳನ್ನು ಹೊರಿಸುತ್ತೇವೆ. ಡಚ್ಚಿನದು ಇದರ ತಲೆಕೆಳಗಾದ ಕ್ರಮ: ಮುಂದೆ ನಿಂತಾಗ ವಿಕಾರ, ವಿಧೇಯದಲ್ಲಿ ಅವಿಕಾರ. ಇಂಗ್ಲಿಷಿನಲ್ಲಿ ಈ ಎರಡು ಸ್ಥಾನಗಳಿಗೂ ರೂಪಭೇದವೇ ಇಲ್ಲವಾದ್ದರಿಂದ, ಇಂಗ್ಲಿಷಿನ ಮೂಲಕ ಕಲಿಯುವವನಿಗೆ ಸ್ಥಾನಭೇದವೆಂಬುದೊಂದಿದೆಯೆಂದು ಮೊದಲು ಮನಗಾಣಿಸಿ, ಅನಂತರ ಪ್ರತ್ಯಯದ ಪಾಠವನ್ನು ಆರಂಭಿಸಬೇಕಾಗುತ್ತದೆ. ಕನ್ನಡಿಗನಿಗೆ ಆ ಭೇದ ಮೊಲೆಹಾಲಿನೊಡನೆ ಬಂದದ್ದು. ಅವನಿಗೆ ಹೇಳಬೇಕಾದದ್ದು ‘ನಮ್ಮಲ್ಲಿ ಇದ್ದಂತೆಯೇ ಇಲ್ಲಿಯೂ ಎರಡು ಸ್ಥಾನ, ಆದರೆ ಹೊರೆ ಹೊರುವ ಸ್ಥಾನ ಅದಲುಬದಲು’ ಎಂಬ ಒಂದೇ ಮಾತು.

ಆದರೆ ಯಾವ ನಾಮಪದ ‘ಡ’ ವರ್ಗದ್ದು, ಯಾವುದು ‘ಹೆಟ್’ ವರ್ಗದ್ದು ಎಂದು ತಿಳಿಯುವುದೆಂತು? ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುವುದು; ಡಚ್ಚಿನಲ್ಲಿ ಶಬ್ದವನ್ನು. ಶಬ್ದಾನುಸಾರಿಯಾದ ಲಿಂಗವೆಂದರೆ ನಮಗೆ ಅಪರಿಚಿತವೇನಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರ’ ಶಬ್ದ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ, ‘ಭಾರ್ಯಾ’ ಸ್ತ್ರೀಲಿಂಗವೆಂದು ಹಳೆಯ ಪಂಡಿತರು ಶಿಷ್ಯರಿಗೆ ಮೊದಲಲ್ಲಿಯೇ ತೋರಿಸಿಕೊಡುತ್ತಿದ್ದರು. ಅಮರಸಿಂಹನು ತನ್ನ ಕೋಶಕ್ಕೆ ‘ನಾಮಲಿಂಗಾನುಶಾಸನ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಾಮವನ್ನೂ ಅದರ ಲಿಂಗವನ್ನೂ ಬೇರ್ಪಡಿಸದೆ ಒಂದೇ ಉಸಿರಿನಲ್ಲಿ ಕಂಠಸ್ಥ ಮಾಡಬೇಕೆಂಬುದು ಆ ಹೆಸರಿನ ಅಭಿಪ್ರಾಯ. ಡಚ್ ಕಲಿಸುವ ಗುರುಗಳೆಲ್ಲರೂ ಇಂದು ಕೊಡುವ ಬುದ್ಧಿವಾದ ಇದೇ: ‘ಹಾಯ್ಸ್’ ಎಂದು ಕಲಿಯಬೇಡಿ, ‘ಹೆಟ್ ಹಾಯ್ಸ್’ ಎಂದು ಕಲಿಯಿರಿ. ಡಚ್ ಮನೆಗಳಲ್ಲಿ ಹುಟ್ಟಿದ ಮಕ್ಕಳೇ ನಪುಂಸಕದ ಪ್ರಯೋಗವನ್ನು ಉಳಿದ ವ್ಯಾಕರಣಕ್ಕಿಂತ ತಡವಾಗಿ ಸಾಧಿಸುತ್ತಾರೆಂಬುದನ್ನು ನೆನೆದರೆ, ದೊಡ್ಡವರಾಗಿ ಕಲಿಯುವವರು ಇದರಲ್ಲಿ ಎಡವುವುದಕ್ಕೆ ಕುಗ್ಗಬೇಕಾದದ್ದಿಲ್ಲ. ಮಗುವಿಗೆ ಡಚ್ಚರು ‘ಹೆಟ್ ಕಿಂಟ್’ ಎಂದು ನಪುಂಸಕವನ್ನೇ ಹೇಳುವರು. ನಾವೂ ‘ಮಗು ಬಂದಿತು’ ಎನ್ನುತ್ತೇವೆ. ಹುಡುಗಿಗೆ ಮಾತ್ರ ಅವರು ‘ಹೆಟ್ ಮೈಶ’ ಎನ್ನುವುದನ್ನು ಕೇಳಿದಾಗ ನಮ್ಮವರು ಬೆರಗಾಗುವುದುಂಟು. ಅದು ಅಲ್ಪಾರ್ಥಕ ಪ್ರತ್ಯಯ ಹತ್ತಿದ ಶಬ್ದ, ಅಂತಹ ಶಬ್ದಗಳೆಲ್ಲವೂ ಆ ಭಾಷೆಯಲ್ಲಿ ನಿಯತವಾಗಿ ನಪುಂಸಕ.

ಅಪವಾದಗಳು ಕೆಲವು ಉಂಟು. ಅವುಗಳ ಮೇಲೆ ಬಹುಕಾಲ ನಿಲ್ಲಬೇಕಾಗಿಲ್ಲ. ಚಿನ್ನದ, ಮರದ ಎಂಬರ್ಥದ ದ್ರವ್ಯವಾಚಕಗಳು ‘ಖೌಡನ್’, ‘ಹೌಟನ್’ ಎಂದು ನಕಾರಾಂತವಾಗಿ ಎಲ್ಲೆಲ್ಲಿಯೂ ಒಂದೇ ರೂಪದಲ್ಲಿರುತ್ತವೆ. ನಮ್ಮಲ್ಲಿಯೂ ‘ಚಿನ್ನದ ಉಂಗುರ’ ಎಂಬಲ್ಲಿ ಷಷ್ಠೀವಿಭಕ್ತಿಯೇ ಗುಣವಾಚಕದ ಕೆಲಸವನ್ನು ಮಾಡಿ ಅವಿಕಾರಿಯಾಗಿ ನಿಲ್ಲುತ್ತದೆ. ಆದರೆ ಒಂದು ಅಪವಾದವನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ಕವಿಯೊಬ್ಬನು ಆಳೆತ್ತರದಲ್ಲಿ ದೊಡ್ಡವನಾಗಿದ್ದರೆ ಅವನು ನಿಯಮದಂತೆ ‘ಅನ್ ಖ್ರೋಟ ಡಿಖ್ಟರ್’. ಕವಿತ್ವದಲ್ಲಿ ದೊಡ್ಡವನಾಗಿದ್ದರೆ ‘ಅನ್ ಖ್ರೋಟ್ ಡಿಖ್ಟರ್’ ಎಂದು ಪ್ರತ್ಯಯವನ್ನು ಬಿಡುವುದು ಶಿಷ್ಟಸಂಪ್ರದಾಯ. ಒಂದು ದುರ್ಬಲ ಸ್ವರದ ಲೋಪದಿಂದ ಗೌರವವನ್ನು ಸೂಚಿಸುವ ಈ ಸೂಕ್ಷ್ಮತೆ ಆ ಭಾಷೆಯ ಸಂಸ್ಕಾರಕ್ಕೆ ಸಾಕ್ಷಿಯಾಗಿದೆ.

ಕಾಗುಣಿತದ ವಿಷಯಕ್ಕೆ ಬಂದರೆ ಕನ್ನಡದ ಉಪಕಾರ ಇನ್ನೂ ಹೆಚ್ಚಿನದು. ಡಚ್ಚಿನಲ್ಲಿ ಹ್ರಸ್ವದೀರ್ಘಗಳಿಗೆ ಅರ್ಥಭೇದವುಂಟು: ‘ಮನ್’ ಎಂದರೆ ಗಂಡಸು, ‘ಮಾನ್’ ಎಂದರೆ ಚಂದ್ರ, ‘ಬೊಮ್’ ಸಿಡಿಗುಂಡು, ‘ಬೋಮ್’ ಮರ. ಒಕಾರ ಓಕಾರಗಳನ್ನು ಬೇರೆ ಬೇರೆ ಅಕ್ಷರಗಳಿಂದ ಬರೆಯುವ ಸೌಲಭ್ಯ ದೇವನಾಗರಿಯಲ್ಲಿ ಓದಿ ಬೆಳೆದವರಿಗಿಲ್ಲ, ನಮಗುಂಟು. ಆದುದರಿಂದ ಈ ಭೇದವನ್ನು ಕೇಳುವ ಕಿವಿಯನ್ನು ನಾವು ಬೇರೆಯಾಗಿ ಸಿದ್ಧಗೊಳಿಸಬೇಕಾಗಿಲ್ಲ. ಡಚ್ ಬರೆಹದಲ್ಲಾದರೋ ದೀರ್ಘಕ್ಕೆ ಬೇರೆ ಚಿಹ್ನೆಯಿಲ್ಲ. ಅಕ್ಷರಭಾಗ ವ್ಯಂಜನದಿಂದ ಮುಚ್ಚಿಕೊಂಡಿದ್ದರೆ ಒಂಟಿ ಸ್ವರಾಕ್ಷರ ಹ್ರಸ್ವವನ್ನೂ ಜೋಡಿ ಸ್ವರಾಕ್ಷರ ದೀರ್ಘವನ್ನೂ ಸೂಚಿಸುತ್ತದೆ; ಅಕ್ಷರಭಾಗ ಸ್ವರದಲ್ಲಿಯೇ ತೆರೆದುಕೊಂಡಿದ್ದರೆ ಒಂಟಿ ಅಕ್ಷರವೇ ದೀರ್ಘ. ಆದುದರಿಂದ ಮೇಲೆ ಹೇಳಿದ ಸ್ವರಪ್ರತ್ಯಯ ಬಂದು ಸೇರಿದೊಡನೆ ಶಬ್ದದ ಬರೆಹ ಬದಲಾಗುತ್ತದೆ. ‘ಖ್ರೋಟ್’ ಎಂಬುದರಲ್ಲಿ ಜೋಡಿಯಾಗಿ ಬರೆದ ಸ್ವರ ‘ಖ್ರೋಟ’ ಎಂಬುದರಲ್ಲಿ ಒಂಟಿಯಾಗುವುದು. ದಪ್ಪ ಎಂಬರ್ಥದ ‘ಡಿಕ್’ ಪ್ರತ್ಯಯ ಪಡೆದಾಗ ‘ಡಿಕ್ಕ’ ಎಂದು ವ್ಯಂಜನವನ್ನು ಇಮ್ಮಡಿಸಿಕೊಳ್ಳುವುದು. ಬಹುವಚನದಲ್ಲಿಯೂ ಇದೇ ರೀತಿ: ಗಂಡಸರು ‘ಮನ್ನನ್’, ಚಂದ್ರರು ‘ಮಾನನ್’.

ಇಂಗ್ಲಿಷಿನ ಪುಸ್ತಕಗಳು ಈ ನಿಯಮವನ್ನು ವಿವರಿಸಲು ಪುಟಗಳನ್ನು ವ್ಯಯಿಸುತ್ತವೆ. ಕನ್ನಡಿಗನಿಗೆ ಅದು ಅವನ ಸ್ವಂತ ನಾಲಗೆಯ ಮೇಲೆಯೇ ಇದೆ. ಹಳಗನ್ನಡದ ‘ಕಲ್’ ಹೊಸಗನ್ನಡದಲ್ಲಿ ಸ್ವರಾಂತವಾದಾಗ ‘ಕಲ್ಲು’ ಆಯಿತು. ‘ಕಾಲ್’ ಎಂಬುದು ‘ಕಾಲು’ ಆಯಿತೇ ಹೊರತು ‘ಕಾಲ್ಲು’ ಆಗಲಿಲ್ಲ. ‘ಕಣ್’ ಕಣ್ಣಾಯಿತು, ‘ಬಿಲ್’ ಬಿಲ್ಲಾಯಿತು; ‘ನೂಲ್’ ನೂಲಾಯಿತು, ‘ಮೀನ್’ ಮೀನಾಯಿತು. ಹ್ರಸ್ವದ ಮುಂದಿನ ವ್ಯಂಜನಕ್ಕೆ ದ್ವಿತ್ವ, ದೀರ್ಘದ ಮುಂದಿನದಕ್ಕೆ ಇಲ್ಲ. ಇದು ಗ್ರಂಥಗಳಲ್ಲಿ ಮಾತ್ರ ಉಳಿದ ನಿಯಮವೆಂದು ತಿಳಿಯಬೇಡಿ. ನಿನ್ನೆ ಮೊನ್ನೆ ಬಂದ ಇಂಗ್ಲಿಷ್ ಶಬ್ದಗಳನ್ನು ಕೂಡ ಶಾಲೆಯ ಮೆಟ್ಟಿಲು ಹತ್ತದ ಕನ್ನಡಿಗನು ‘ಬಸ್ಸು, ಪೆನ್ನು, ಕಪ್ಪು’ ಎಂದು ಇಮ್ಮಡಿಸಿಯೂ ‘ಕಾರು, ಫೋನು, ಸ್ಟೂಲು’ ಎಂದು ಇಮ್ಮಡಿಸದೆಯೂ ಆಡುತ್ತಾನೆ, ಎಲ್ಲಿಯೂ ತಪ್ಪುವುದಿಲ್ಲ. ಮನ್ ಮನ್ನನ್ ಆಗುವುದೂ ಮಾನ್ ಮಾನನ್ ಆಗುವುದೂ ಈ ಕಲ್ಲು-ಕಾಲುಗಳ ನಡೆಯೇ. ಸಾಮ್ಯ ಇಲ್ಲಿಗೆ ನಿಲ್ಲುವುದಿಲ್ಲ. ‘ಕಡಲ್’, ‘ಮುಗಿಲ್’ ಎಂಬ ಅನೇಕಾಕ್ಷರ ಶಬ್ದಗಳಲ್ಲಿ ಕೊನೆಯ ಸ್ವರ ಹ್ರಸ್ವವಾಗಿದ್ದರೂ ದ್ವಿತ್ವ ಬರದೆ ‘ಕಡಲು’, ‘ಮುಗಿಲು’ ಎಂದೇ ಆಗುವಂತೆ, ಡಚ್ಚಿನಲ್ಲಿ ರುಚಿಕರ ಎಂಬರ್ಥದ ‘ಲೆಕ್ಕರ್’, ಒಳ್ಳೆಯ ಸ್ವಭಾವದ ಎಂಬರ್ಥದ ‘ಆರ್ಡಖ್’ ಮೊದಲಾದ ಶಬ್ದಗಳ ಕೊನೆಯ ವ್ಯಂಜನ, ಅಲ್ಲಿ ಒತ್ತು ಬೀಳದಿರುವುದರಿಂದ, ಪ್ರತ್ಯಯ ಸೇರಿದರೂ ಒಂಟಿಯಾಗಿಯೇ ಉಳಿಯುತ್ತದೆ. ಕಾರಣ ಎರಡು ಭಾಷೆಗಳಲ್ಲಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಕಲಿಯುವವನಿಗೆ ಬೇಕಾದದ್ದು ಹಿಡಿಯಲು ಒಂದು ಆಸರೆ. ಒಂದೆರಡು ಎಚ್ಚರಿಕೆಗಳನ್ನು ಕೂಡಿಸಿ ಹೇಳಬೇಕು: ಡಚ್ಚಿನ ದ್ವಿತ್ವ ಬರೆಹದಲ್ಲಿ ಮಾತ್ರ, ಉಚ್ಚಾರಣೆಯಲ್ಲಿ ವ್ಯಂಜನ ಒಂದೇ, ಮತ್ತು ನಮ್ಮ ‘ಮನೆ’ ಎಂಬಲ್ಲಿರುವಂತೆ ತೆರೆದ ಅಕ್ಷರಭಾಗದಲ್ಲಿ ಒತ್ತುಳ್ಳ ಹ್ರಸ್ವ ಅಲ್ಲಿ ಸಾಮಾನ್ಯವಾಗಿ ನಿಲ್ಲದು.

ಪ್ರತ್ಯಯ ಸೇರಿದಾಗ ಬರೆಹದಂತೆಯೇ ಕೊನೆಯ ವ್ಯಂಜನದ ಧ್ವನಿಯೂ ಬದಲಾಗುವುದುಂಟು. ಕೆಂಪು ಎಂಬರ್ಥದ ಶಬ್ದ ಒಂಟಿಯಾಗಿ ನಿಂತಾಗ ಕಿವಿಗೆ ‘ರೋಟ್’, ಪ್ರತ್ಯಯ ಸೇರಿದಾಗ ‘ರೋಡ’. ಪ್ರಿಯ ಎಂಬರ್ಥದ ‘ಲೀಫ್’ ಪ್ರತ್ಯಯ ಸೇರಿ ‘ಲೀವ’. ಸಿಟ್ಟಿನ ಎಂಬರ್ಥದ ‘ಬೋಸ್’ ‘ಬೋಜ’. ಪದಾಂತದಲ್ಲಿ ಅಘೋಷವ್ಯಂಜನ, ಸ್ವರ ಪರವಾದಾಗ ಘೋಷವ್ಯಂಜನ. ಷಟ್ ಎಂಬುದು ಆನನ ಶಬ್ದದೊಡನೆ ಸೇರಿ ಷಡಾನನವಾಗುವುದನ್ನೂ, ದಿಕ್ ಎಂಬುದು ದಿಗಂತವಾಗುವುದನ್ನೂ, ವಾಕ್ ಎಂಬುದು ವಾಗೀಶವಾಗುವುದನ್ನೂ ಜಶ್ತ್ವಸಂಧಿಯೆಂದು ಬರೆದು ಅಂಕ ಗಳಿಸಿದವನಿಗೆ ಇದರಲ್ಲಿ ಹೊಸದೇನಿದೆ? ಬರೆಹದಲ್ಲಿ ಮಾತ್ರ ಡಚ್ಚರು ಎರಡು ನ್ಯಾಯಗಳನ್ನು ಅನುಸರಿಸಿದ್ದಾರೆ: ‘ಫ’ಕಾರ ‘ಸ’ಕಾರಗಳನ್ನು ಕಿವಿಗೆ ಕೇಳಿದಂತೆ ಬರೆಯುವರು, ‘ರೋಟ್’ ಎಂಬಲ್ಲಿ ಮಾತ್ರ ಕೇಳುವುದು ಟಕಾರವಾದರೂ, ರೋಡ ಎಂಬ ರೂಪದ ನೆನಪಿಗಾಗಿ ಡಕಾರವನ್ನು ಬರೆಯುವರು. ಈ ಅಸಮತೆ ಆ ಬರೆಹದ ಒಂದು ನ್ಯೂನತೆಯೆಂದೇ ನನಗೆ ತೋರುತ್ತದೆ. ಕಲಿಯುವವರಿಗೆ ಅದನ್ನು ಮುಚ್ಚದೆ ಹೇಳಿಬಿಡುವುದು ಲೇಸು.

ಡಚ್ ಕಾಗುಣಿತ ಇಂದಿನ ಸ್ಥಿತಿಗೆ ಬಂದದ್ದು ಒಂದೇ ದಿನದಲ್ಲಲ್ಲ. ಮಥಿಯಾಸ್ ಡ ವ್ರೀಸ್ ಮತ್ತು ಟ ವಿಂಕಲ್ ಎಂಬ ವಿದ್ವಾಂಸರು ತಮ್ಮ ಮಹಾಕೋಶಕ್ಕಾಗಿ 1860ರ ದಶಕದಲ್ಲಿ ವ್ಯವಸ್ಥೆಗೊಳಿಸಿದ ಬರೆಹ ಅತ್ಯಂತ ಪಾಂಡಿತ್ಯಪೂರ್ಣವಾಗಿದ್ದು, ಆಡುಮಾತಿನಲ್ಲಿ ಎಂದೋ ಅಳಿದಿದ್ದ ವಿಭಕ್ತಿಪ್ರತ್ಯಯಗಳನ್ನೂ ಉಳಿಸಿಕೊಂಡಿತ್ತು; ಅದು ಮಕ್ಕಳಿಗೆ ಹೊರೆಯೆಂದು ಕೊಲೆವೈನ್ ಎಂಬ ಉಪಾಧ್ಯಾಯರು 1891ರಲ್ಲಿ ದನಿಯೆತ್ತಿದರು; 1934ರಲ್ಲಿ ಮಂತ್ರಿ ಮಾರ್ಶಾಂಟರು ಶಾಲೆಗಳಲ್ಲಿ ಸರಳರೂಪವನ್ನು ಜಾರಿಗೆ ತಂದರು; ಬೆಲ್ಜಿಯಮ್ಮಿನಲ್ಲಿ 1946ರಲ್ಲಿಯೂ ನೆದರ್ಲೆಂಡ್ಸಿನಲ್ಲಿ 1947ರಲ್ಲಿಯೂ ಅದಕ್ಕೆ ಶಾಸನದ ಮುದ್ರೆ ಬಿದ್ದಿತು. ‘ಹಸಿರು ಪುಸ್ತಕ’ವೆಂದು ಖ್ಯಾತವಾದ ಅಧಿಕೃತ ಪದಪಟ್ಟಿ 1954ರಲ್ಲಿ ಹೊರಬಂದು 1995ರಲ್ಲಿಯೂ 2005ರಲ್ಲಿಯೂ ಪರಿಷ್ಕಾರ ಹೊಂದಿತು. ಹೇಗ್ ನಗರದ ಡಚ್ ಹೆಸರಾದ ‘ಡೆನ್ ಹಾಖ್’ ಎಂಬುದರ ಮೊದಲ ಪದದ ಕೊನೆಯಲ್ಲಿ ನಿಂತ ನಕಾರ, ಬೆಳಿಗ್ಗೆ ಎಂಬರ್ಥದ ‘ಸ್ಮೊರ್ಖನ್ಸ್’ ಎಂಬುದರ ಮೊದಲ ಸಕಾರ ಇವು ಆ ಅಳಿದ ವಿಭಕ್ತಿಗಳ ಪಳೆಯುಳಿಕೆಗಳು.

ಕೊನೆಯದಾಗಿ ಪೂರ್ವಸರ್ಗಗಳು. ಇಂಗ್ಲಿಷಿನ ಹಾದಿ ಹಿಡಿದವನಿಗೆ ನಿಜವಾದ ಹಾನಿ ತಟ್ಟುವುದು ಇಲ್ಲಿ. ಎರಡರಲ್ಲಿಯೂ ಪೂರ್ವಸರ್ಗಗಳಿವೆ, ಅವುಗಳ ರೂಪದಲ್ಲಿ ಹೋಲಿಕೆಯೂ ಇದೆ. ಆದ್ದರಿಂದ ಕಲಿಯುವವನು ಇಂಗ್ಲಿಷಿನ ‘ಫಾರ್’ ಇದ್ದಲ್ಲಿ ‘ವೋರ್’ ಹಾಕಿ ನಿಶ್ಚಿಂತನಾಗುತ್ತಾನೆ. ಬಸ್ಸಿಗಾಗಿ ಕಾಯುವುದನ್ನು ಡಚ್ಚಿನಲ್ಲಿ ‘ಒಪ್’ ಎಂಬುದರೊಡನೆ ಹೇಳತಕ್ಕದ್ದು; ‘ವೋರ್’ ಹಾಕಿದರೆ ಬಸ್ಸಿನ ಮುಂಭಾಗದಲ್ಲಿ ನಿಂತು ಕಾಯುತ್ತಿರುವನೆಂಬ ಅರ್ಥ ಬಂದೀತು. ಆಲಿಸುವುದಕ್ಕೆ ‘ನಾರ್’, ನೆನೆಯುವುದಕ್ಕೆ ‘ಆನ್’, ಪ್ರೀತಿಸುವುದಕ್ಕೆ ‘ವನ್’, ಹೀಗೆ ಪ್ರತಿಯೊಂದು ಕ್ರಿಯಾಪದವೂ ತನ್ನದೇ ಪೂರ್ವಸರ್ಗವನ್ನು ಅಪೇಕ್ಷಿಸುತ್ತದೆ. ಏಕೆಂದು ಕೇಳಿ ಪ್ರಯೋಜನವಿಲ್ಲ. ಕ್ರಿಯಾಪದವೇ ವಿಭಕ್ತಿಯನ್ನು ನಿಯಮಿಸುವುದೆಂಬ ತತ್ತ್ವ ಕಾರಕಪ್ರಕರಣವನ್ನು ಓದಿದವರಿಗೆ ಸುಪರಿಚಿತ. ಭಯದ ಹೇತುವಿಗೆ ಪಾಣಿನಿ ಪಂಚಮಿಯನ್ನು ವಿಧಿಸಿದ್ದಾನೆ. ಕನ್ನಡಿಗನು ‘ನಾಯಿಗೆ ಹೆದರಿದನು’ ಎಂದು ಚತುರ್ಥಿಯನ್ನು ಪ್ರಯೋಗಿಸುತ್ತಾನೆ. ಡಚ್ಚನು ನಾಯಿಯ ಮುಂದೆ ‘ವೋರ್’ ಇಡುತ್ತಾನೆ. ಒಂದು ವಿಭಕ್ತಿ ಬರಬೇಕಾದಲ್ಲಿ ಇನ್ನೊಂದು ಬರುವುದಕ್ಕೆ ವಿಭಕ್ತಿಪಲ್ಲಟವೆಂದು ನಮ್ಮ ವೈಯಾಕರಣರು ಹೆಸರನ್ನೇ ಕೊಟ್ಟಿದ್ದಾರೆ. ಆ ಹೆಸರನ್ನು ಬಲ್ಲವನು ಡಚ್ ಕ್ರಿಯಾಪದವೊಂದನ್ನು ಕಲಿಯುವಾಗ ‘ಇದರ ವಿಭಕ್ತಿ ಯಾವುದು?’ ಎಂದು ತಾನಾಗಿಯೇ ಕೇಳಿಯಾನು. ಆ ಪ್ರಶ್ನೆ ಹುಟ್ಟಿದರೆ ಅರ್ಧ ಕೆಲಸ ಆದಂತೆಯೇ.

ಕೆಲವೆಡೆಗಳಲ್ಲಂತೂ ಇಂಗ್ಲಿಷ್ ದಾರಿ ತಪ್ಪಿಸುವಲ್ಲಿ ಕನ್ನಡ ಕೈಹಿಡಿದು ನಡೆಸುತ್ತದೆ. ಸಿಟ್ಟು, ಅನುರಾಗ, ಹೊಟ್ಟೆಕಿಚ್ಚು, ಭರವಸೆ ಇವು ನಾಲ್ಕಕ್ಕೂ ಇಂಗ್ಲಿಷು ಒಂದೇ ಪೂರ್ವಸರ್ಗವನ್ನು ಬಳಸುವುದಿಲ್ಲ. ಡಚ್ಚಿನಲ್ಲಿ ನಾಲ್ಕಕ್ಕೂ ‘ಒಪ್’ ಒಂದೇ. ‘ಒಪ್’ ಎಂದರೆ ಮೇಲೆ. ನಾವು ಹೇಳುವುದೂ ಅವನ ಮೇಲೆ ಸಿಟ್ಟು, ಅವಳ ಮೇಲೆ ಪ್ರೀತಿ, ನೆರೆಯವರ ಮೇಲೆ ಹೊಟ್ಟೆಕಿಚ್ಚು, ಗೆಳೆಯನ ಮೇಲೆ ಭರವಸೆ ಎಂದೇ ಅಲ್ಲವೆ? ‘ಇಕ್ ಬೆನ್ ಬೋಸ್ ಒಪ್ ಹೆಮ್’ ಎಂಬುದನ್ನು ‘ನನಗೆ ಅವನ ಮೇಲೆ ಸಿಟ್ಟು’ ಎಂದು ಕಲಿತವನು ಒಮ್ಮೆ ಕಲಿತರೆ ಸಾಕು. ಕಾಲವಾಚಕಗಳಲ್ಲಿ, ಅಂದರೆ ಮೂರು ಗಂಟೆಗೆ ‘ಒಮ್’, ಸೋಮವಾರಕ್ಕೆ ‘ಒಪ್’, ಜನವರಿಗೆ ‘ಇನ್’ ಎಂಬಂತಹ ಕಡೆ, ಇಂಗ್ಲಿಷಿನ ನೆರವೂ ನಮ್ಮದರಷ್ಟೇ ಇದೆಯೆಂಬುದನ್ನು ನಾನು ಒಪ್ಪಿಕೊಳ್ಳತಕ್ಕದ್ದು.

ಆದರೆ ಕಾಡಿನೊಳಗೆ ನಡೆದಾಡುವುದಕ್ಕೂ ಕಾಡಿನೊಳಕ್ಕೆ ನಡೆದುಹೋಗುವುದಕ್ಕೂ ಇರುವ ಭೇದವನ್ನು ನೋಡಿ. ಮೊದಲನೆಯದು ‘ಇನ್ ಹೆಟ್ ಬೊಸ್’. ಎರಡನೆಯದು ‘ಹೆಟ್ ಬೊಸ್ ಇನ್’. ನಾವು ಸಪ್ತಮಿಗೂ ಚತುರ್ಥಿಗೂ ಹಂಚಿಕೊಡುವ ಕೆಲಸವನ್ನು ಡಚ್ ಒಂದೇ ಶಬ್ದದ ಸ್ಥಳಾಂತರದಿಂದ ಸಾಧಿಸುತ್ತದೆ. ಚಲನೆಯನ್ನು ಹೇಳುವಾಗ ಆ ಪೂರ್ವಸರ್ಗ ಕನ್ನಡದ ‘ಒಳಗೆ, ಮೇಲೆ, ಕಡೆಗೆ’ಗಳಂತೆ ನಾಮಪದದ ಹಿಂದಕ್ಕೆ ಬಂದು ನಿಲ್ಲುತ್ತದೆ. ಸರ್ವನಾಮಗಳಲ್ಲಿಯೂ ಹೀಗೆಯೇ. ವ್ಯಕ್ತಿಯಾದರೆ ‘ಒಪ್ ಹೆಮ್’, ಅವನ ಮೇಲೆ. ವಸ್ತುವಾದರೆ ‘ಎರೊಪ್’, ಅದರ ಮೇಲೆ. ಎರಡನೆಯದರಲ್ಲಿ ಸರ್ವನಾಮ ಮುಂದೆ, ‘ಒಪ್’ ಹಿಂದೆ, ಪದಕ್ರಮ ಅಚ್ಚ ಕನ್ನಡದ್ದು. ಅಧೀನವಾಕ್ಯಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುವುದನ್ನು ಕಂಡು ಇಂಗ್ಲಿಷಿನವರು ತಬ್ಬಿಬ್ಬಾಗುತ್ತಾರೆಂಬುದನ್ನೂ, ನಮಗೆ ಅದು ಮನೆಯ ಮಾತಿನ ಕ್ರಮವೇ ಎಂಬುದನ್ನೂ ಇಲ್ಲಿ ಹೇಳಿದರೆ ಸಾಕು.

ಒಂದು ಭಾಷೆಯನ್ನು ಇನ್ನೊಂದರ ಮೂಲಕ ಅರಿಯುವ ಪ್ರಯತ್ನ ಡಚ್ಚರ ಕಡೆಯಿಂದ ಬಹು ಹಿಂದೆಯೇ ನಡೆದಿದೆ. ಪುಲಿಕಾಟಿನಲ್ಲಿ ಧರ್ಮಗುರುವಾಗಿದ್ದ ಅಬ್ರಹಾಂ ರೊಜೇರಿಯಸನು ಪದ್ಮನಾಭನೆಂಬ ಬ್ರಾಹ್ಮಣನ ನೆರವಿನಿಂದ ಭರ್ತೃಹರಿಯ ನೀತಿವೈರಾಗ್ಯಶತಕಗಳ ಸಾರವನ್ನು ಡಚ್ಚಿಗೆ ತಂದನು. ಅದು ಅಚ್ಚಾದದ್ದು 1651ರಲ್ಲಿ, ಲೈಡನ್ನಿನಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಕೇಟಲಾರನು ಹಿಂದೂಸ್ತಾನಿಗೆ ಬರೆದ ವ್ಯಾಕರಣ, ಆ ಭಾಷೆಗೆ ಐರೋಪ್ಯರು ಬರೆದ ವ್ಯಾಕರಣಗಳಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯದು, ಡಚ್ಚಿನಲ್ಲಿಯೇ ಇದೆ. ಅದರ ಹಸ್ತಪ್ರತಿಯ ಕಾಲ 1698. ನಮ್ಮ ನಾಡಿಗೆ ಸಂಬಂಧಿಸಿದ ನಿದರ್ಶನ ಇನ್ನೂ ಹೃದಯಸ್ಪರ್ಶಿಯಾದದ್ದು. ನೆದರ್ಲೆಂಡ್ಸಿನ ಗಡಿಗೆ ಸಮೀಪದ ಪೂರ್ವ ಫ್ರಿಸಿಯಾದಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ಲರು ತಮ್ಮ ಮಹಾಕೋಶವನ್ನು 1894ರಲ್ಲಿ ಹೊರತರುವುದಕ್ಕೆ ಮುನ್ನ, 1872ರಲ್ಲಿಯೇ, ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. ಕನ್ನಡವನ್ನು ಅರಿಯಲು ಅವರು ಯೂರೋಪಿನ ವ್ಯಾಕರಣವೊಂದನ್ನೇ ನೆಚ್ಚಿ ಕೂರಲಿಲ್ಲ; ಕನ್ನಡದ ವೈಯಾಕರಣನ ಬಳಿಗೇ ಬಂದರು. ಅಂತಹ ವ್ಯಾಕರಣಸಂಪತ್ತು ಮನೆಯಲ್ಲಿಯೇ ಇರುವಾಗ ನಾವು ಅದನ್ನು ಬದಿಗಿಟ್ಟು, ಈ ವಿಷಯದಲ್ಲಿ ನಮಗಿಂತ ಬಡವಾದ ಭಾಷೆಯ ಮೂಲಕ ಹೊರಜಗತ್ತಿನ ಭಾಷೆಗಳನ್ನು ಕಲಿಯಬೇಕೇಕೆ?

ನಾನು ಬಯಸುವ ಬೋಧಿನಿ ದೊಡ್ಡದಾಗಿರಬೇಕಾಗಿಲ್ಲ. ನಾಮಪದಗಳನ್ನು ಅಮರಕೋಶದ ರೀತಿಯಲ್ಲಿ ನಿರ್ದೇಶಕದೊಡನೆಯೇ ಕೊಟ್ಟು, ಮೊದಲ ಪಾಠದಿಂದಲೇ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದು, ಕನ್ನಡಕ್ಕಿಲ್ಲದ ಧ್ವನಿಗಳನ್ನು, ಮುಖ್ಯವಾಗಿ ಗಂಟಲಿನಿಂದ ಹೊರಡುವ ಖಕಾರವನ್ನೂ ‘ಹಾಯ್ಸ್’ ಎಂಬಲ್ಲಿ ನಾನು ಅರೆಬರೆಯಾಗಿ ಸೂಚಿಸಿರುವ ಸಂಧ್ಯಕ್ಷರವನ್ನೂ ಬೇರೆಯಾಗಿ ಗುರುತಿಸಿ, ಪ್ರತಿ ಕ್ರಿಯಾಪದದ ಬದಿಯಲ್ಲಿ ಅದು ಬೇಡುವ ಪೂರ್ವಸರ್ಗವನ್ನೂ ಕನ್ನಡದ ವಿಭಕ್ತಿಯನ್ನೂ ಜೊತೆಜೊತೆಯಾಗಿ ನಿಲ್ಲಿಸಿದರೆ ಆಯಿತು. ಇದನ್ನು ಬರೆಯಬಲ್ಲವರು ಇದ್ದಾರೆ. ಅಲ್ಲಿ ಹತ್ತಾರು ವರ್ಷ ಬಾಳಿ ಭಾಷೆಯನ್ನು ಕರಗತ ಮಾಡಿಕೊಂಡ ಕನ್ನಡಿಗರಿದ್ದಾರೆ. ಇಲ್ಲಿ ಶಾಲಾವ್ಯಾಕರಣವನ್ನು ಜೀವಮಾನವೆಲ್ಲ ಕಲಿಸಿ ನಿವೃತ್ತರಾದ ಉಪಾಧ್ಯಾಯರಿದ್ದಾರೆ. ಈ ಇಬ್ಬರೂ ಒಂದೆಡೆ ಕುಳಿತು ಕೆಲಸ ಮಾಡುವಂತೆ ಏರ್ಪಡಿಸುವುದು ಕುವೆಂಪು ಭಾಷಾ ಭಾರತಿ ಪ್ರಾಧಿಕಾರಕ್ಕಾಗಲಿ ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಿಗಾಗಲಿ ಭಾರವಾದ ಕಾರ್ಯವಲ್ಲ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಮ್ ಸರ್ಕಾರಗಳು 1980ರ ಒಪ್ಪಂದದಂತೆ ಸ್ಥಾಪಿಸಿದ ಭಾಷಾಸಂಘ, ಅವರ ಮಾತಿನಲ್ಲಿ ‘ಟಾಲ್‌ಯೂನಿ’, ಹೊರದೇಶಗಳಲ್ಲಿ ಡಚ್ ಕಲಿಸುವವರಿಗೆ ಬೆಂಬಲ ಕೊಡುತ್ತಲೇ ಬಂದಿರುವುದರಿಂದ ಅವರೊಡನೆಯೂ ಪತ್ರವ್ಯವಹಾರ ನಡೆಸಬಹುದು. ಕರಡು ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸಲು ಅಲ್ಲಿನ ಶಾಲೆಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಡಚ್ ಆಡುವ ಆ ಮಕ್ಕಳ ಮುಂದೆ ಪುಸ್ತಕದ ಒಂದೊಂದು ಉದಾಹರಣೆಯನ್ನೂ ತಂದೆತಾಯಿಗಳು ಗಟ್ಟಿಯಾಗಿ ಓದಿ, ತಪ್ಪಿದ್ದಲ್ಲಿ ತಿದ್ದಿಸಿಕೊಳ್ಳಬೇಕು.